ಲಾಭದ ಮೂಟೆಗೆ ನಂಬರಿಲ್ಲ

ಚಂದಕವಾಡಿಯ ಗಂಗಾಂಬಿಕೆಗೆ ಸಣ್ಣವಳಿದ್ದಾಗಿನಿಂದ ಒಂದು ಚಾಳಿ. ತಾತ ಜಗಲಿಯ ಮೇಲೆ ಕತೆ ಹೇಳಲು ಕೂತರೆ ಬೇರೆ ಮಕ್ಕಳೆಲ್ಲ ಹೂಂಗುಟ್ಟುತ್ತಿದ್ದವು, ಇವಳು ಮಾತ್ರ ‘ಇಲ್ದಿದ್ರೆ?’ ಎನ್ನುತ್ತಿದ್ದಳು. ರಾಜಕುಮಾರ ಹೊಳೆ ದಾಟಿದ ಎಂದರೆ, ದಾಟದಿದ್ದರೆ? ರಾಕ್ಷಸ ನಿದ್ದೆ ಹೋಗಿದ್ದ ಎಂದರೆ, ಎಚ್ಚರ ಇದ್ದಿದ್ದರೆ? ತಾತ ಆ ದಾರಿಯ ಕತೆಯನ್ನೂ ಈ ದಾರಿಯ ಕತೆಯನ್ನೂ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡು, ಈ ಕೂಸಿಗೆ ಒಂದು ಕತೆ ಹೇಳುವ ಹೊತ್ತಿಗೆ ಸುತ್ತಲ ಊರಿಗೆಲ್ಲ ಹೇಳಿ ಬರಬಹುದು ಎಂದು ಎಲೆಅಡಿಕೆ ಚೀಲ ಸುತ್ತಿ ಎದ್ದುಬಿಡುತ್ತಿದ್ದ.

ಆ ಚಾಳಿಗೂ ಒಂದು ಬೆಲೆ ಉಂಟು ಎಂದು ಗೊತ್ತಾದದ್ದು ಅವಳು ಚಾಮರಾಜನಗರದಲ್ಲಿ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದ ಮೇಲೆ. ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು ಎಂದು ಯಂತ್ರಕ್ಕೆ ಸಾಲು ಸಾಲಾಗಿ ಹೇಳಿಕೊಡುವುದೇ ಪ್ರೋಗ್ರಾಮು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ, ಇದನ್ನು ನಾನು ತಾತನ ಪಕ್ಕದಲ್ಲೇ ಕಲಿತಿದ್ದೆನಲ್ಲ ಎಂದು ಅವಳಿಗೆ ನಗು ಬಂತು. ಅವತ್ತಿನಿಂದ ಆ ಕ್ಲಾಸಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ ಅದು. ಕೊನೆಯ ವರ್ಷಕ್ಕೆ ಬಂದವರು ಯಾವುದಾದರೂ ಕಂಪನಿಯಲ್ಲಿ ಕೆಲವು ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಅಲ್ಲಿ ಒಂದು ಪ್ರೋಗ್ರಾಮು ಬರೆಯಬೇಕು. ಅದನ್ನು ಯಾರಾದರೂ ನಿಜವಾಗಿ ಬಳಸಬೇಕು, ಬಳಸುತ್ತಿದ್ದೇವೆ ಎಂದು ಕಾಲೇಜಿನವರ ಮುಂದೆ ಹೇಳಬೇಕು. ಕ್ಲಾಸಿನ ಅರ್ಧ ಜನ ಮೈಸೂರಿನ ಬಸ್ಸು ಹತ್ತಿದರು. ಅಲ್ಲಿ ಸಿದ್ಧ ಪ್ರೋಗ್ರಾಮುಗಳೇ ಸಿಡಿಯಲ್ಲಿ ಸಿಗುತ್ತಿದ್ದವು, ಹೆಸರು ಬದಲಾಯಿಸಿಕೊಂಡರೆ ಸಾಕು. ಒಬ್ಬನಂತೂ ಇಲ್ಲದ ಆಸ್ಪತ್ರೆಗೆ ಇಲ್ಲದ ರೋಗಿಗಳನ್ನು ತುಂಬಿಸಿಕೊಂಡು ಬಂದ. ಗೆಳತಿಯರು ನೀನೂ ಬಾ ಎಂದು ಕರೆದರು. ಮಂದಿ ಬರೆದದ್ದನ್ನು ತಂದು, ಮೇಷ್ಟ್ರು ‘ಇಲ್ಲದಿದ್ದರೆ?’ ಎಂದು ಕೇಳಿದರೆ ಏನು ಹೇಳಲಿ ಎಂದು ಗಂಗಿ ಒಪ್ಪಲಿಲ್ಲ. ಸ್ವಂತ ಕೈಯಲ್ಲಿ ಒಂದು ಪ್ರೋಗ್ರಾಮು ಬರೆಯಬೇಕು, ಅದನ್ನು ಜನ ಬಳಸುವುದನ್ನು ಕಣ್ಣಾರೆ ನೋಡಬೇಕು ಎಂಬುದೊಂದೇ ಅವಳ ಹಟ.

ಹಾಗೆ ಅವಳು ಬಂದು ಬಿದ್ದದ್ದು ಗುಂಡ್ಲುಪೇಟೆಯ ಸುಧಾಕರ್ ಕೈಗೆ. ಊಟಿ ರಸ್ತೆಯ ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಂಪನಿ. ಕಂಪನಿ ಎಂದರೆ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗಲೆಲ್ಲ ಮರಿ ಕಳೆದುಕೊಂಡ ಹಕ್ಕಿಯಂತೆ ಕೀರಲಿಡುವ ಯುಪಿಎಸ್ಸು, ಮತ್ತು ಸುಧಾಕರ್. ಊರಿನ ಲಾಡ್ಜಿಗೆ, ಸಿಮೆಂಟು ಅಂಗಡಿಗೆ, ಒಂದೆರಡು ಸ್ಕೂಲಿಗೆ ಬೇಕಾದ ಸಾಫ್ಟ್‌ವೇರು ಬರೆದುಕೊಟ್ಟು ಬದುಕುತ್ತಿದ್ದ ಮನುಷ್ಯ. ಎಸಿ ರೂಮು, ಕುತ್ತಿಗೆಗೆ ಟ್ಯಾಗು ಎಂದೆಲ್ಲ ಕನಸು ಕಟ್ಟಿಕೊಂಡಿದ್ದ ಗಂಗಿಗೆ ಮೊದಲ ದಿನ ಕೈಗೆ ಕೊಟ್ಟದ್ದು ಒಂದು ಪೈಂಟಿನ ಬ್ರಶ್ಶು. ಲಾರಿ ಓಡಾಡುವ ರಸ್ತೆ, ಕೀಬೋರ್ಡಿನ ಸಂದಿಯಲ್ಲೆಲ್ಲ ಧೂಳು.

“ಸಾಫ್ಟ್‌ವೇರಲ್ಲಿ ಅರ್ಧ ಧೂಳು ಕಣಮ್ಮ, ಇನ್ನರ್ಧ ಜನ. ಬರಿಯೋದು ಆಮೇಲೆ, ಮೊದ್ಲು ನೋಡೋದ್ ಕಲಿ” ಎಂದರು ಸುಧಾಕರ್.

ನೋಡುವುದು ಎಂದರೆ ಸುಮ್ಮನಲ್ಲ. ಲಾಡ್ಜಿನ ಕೌಂಟರಿನ ಪಕ್ಕ ಒಂದು ಸ್ಟೂಲು ಹಾಕಿ ಅವಳನ್ನು ದಿನವಿಡೀ ಕೂರಿಸಿದರು. ಬಂದವರು ಏನು ಕೇಳುತ್ತಾರೆ, ಮ್ಯಾನೇಜರು ಮೊದಲು ಬೀಗದ ಕೈ ಕೊಡುತ್ತಾನೋ ಹೆಸರು ಬರೆದುಕೊಳ್ಳುತ್ತಾನೋ, ಅದನ್ನೆಲ್ಲ ನೋಡಿ ಬಂದು ಹೇಳಬೇಕು. ಸಿಮೆಂಟು ಅಂಗಡಿಯಲ್ಲಿ ಕೂತು ಬಂದ ದಿನ ಅವಳು ಮುಖ, ಜಡೆಯೆಲ್ಲ ಬೂದಿ ಬಣ್ಣವಾಗಿ ಬಸ್ಸು ಹತ್ತಿದರೆ ಕಂಡಕ್ಟರು ಅಜ್ಜಿಯ ಟಿಕೇಟೋ ಹುಡುಗಿಯ ಟಿಕೇಟೋ ಎಂದು ಕೇಳಿದನಂತೆ. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಉಳಿದುಕೊಂಡಿದ್ದು ಭೀಮನಬೀಡಿನ ಚಿಕ್ಕಮ್ಮ ಪುಟ್ಟಮಲ್ಲಮ್ಮನ ಮನೆಯಲ್ಲಿ. ಅಲ್ಲಿಂದ ದಿನಾ ಗುಂಡ್ಲುಪೇಟೆಗೆ ಹೋಗಿ ಬರುವುದು. ಅದೇ ಭೀಮನಬೀಡಿನಲ್ಲಿ ರಾಜಣ್ಣನ ಹೂವಿನ ಶೆಡ್ಡು ಇತ್ತು. ಓಣಂ ಹತ್ತಿರವಾದರೆ ಸುತ್ತಲ ಹೊಲಗಳ ಚೆಂಡುಹೂವೆಲ್ಲ ಅಲ್ಲಿಗೆ ಬಂದು, ತೂಕವಾಗಿ, ಲಾರಿ ತುಂಬಿ ಕಾಡು ದಾಟಿ ಕೇರಳದ ಬತ್ತೇರಿಗೆ ಹೋಗುತ್ತಿತ್ತು. ಒಬ್ಬೊಬ್ಬ ರೈತ ಹತ್ತಾರು ಮೂಟೆ ತರುವವನು. ಮೂಟೆ ಮೂಟೆಯ ತೂಕ ಬರೆದು ಕೂಡಿಸಿ ಚೀಟಿ ಕೊಡುವಷ್ಟರಲ್ಲಿ ಹಿಂದಿನವರ ಹೂವು ಬಿಸಿಲಿಗೆ ಬಾಡುತ್ತಿತ್ತು. ತೂಕ ಒತ್ತಿದ ಕೂಡಲೇ ಮೊತ್ತದ ಚೀಟಿ ಹೊರಬರುವಂತೆ ಏನಾದರೂ ಮಾಡಿಕೊಡಿ ಎಂದು ರಾಜಣ್ಣ ಸುಧಾಕರ್ ಹತ್ತಿರ ಬಂದ. ಸುಧಾಕರ್ ಗಂಗಿಯ ಕಡೆ ಕೈ ತೋರಿಸಿದರು. ಇದನ್ನು ನೀನೇ ಮಾಡು, ಶೆಡ್ಡಿನಲ್ಲಿ ಇದು ನೆಲೆ ನಿಂತರೆ ನಿನ್ನ ಇಂಟರ್ನ್‌ಶಿಪ್ಪೂ ಗೆದ್ದಂತೆ, ಆಮೇಲೆ ಇಲ್ಲೇ ಕೆಲಸಕ್ಕೂ ಬರಬಹುದು ಎಂದರು. ಮೂರು ಕಂಪ್ಯೂಟರಿನ ಕಂಪನಿಗೆ ಮೊದಲ ನೌಕರಳು. ಗಂಗಿಗೆ ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದದ್ದೂ ಗೊತ್ತಾಗಲಿಲ್ಲ.

ಆದರೆ ಆಗ ಹೂವಿನ ಕಾಲವಲ್ಲ. ಶೆಡ್ಡು ಖಾಲಿ, ತಕ್ಕಡಿಯ ಮೇಲೆ ಕೋಳಿ ಮಲಗಿತ್ತು. ನೋಡೋಣ ಎಂದರೆ ನೋಡಲು ಏನಿದೆ? ರಾಜಣ್ಣ ಬಾಯಲ್ಲಿ ಹೇಳಿದ, ಇವಳು ತಲೆಯಲ್ಲಿ ತುಂಬಿಕೊಂಡಳು. ತೆರೆಯ ಮೇಲೆ ಎರಡು ಖಾನೆ ಮಾಡಿದಳು. ಒಂದರಲ್ಲಿ ಮೂಟೆಯ ನಂಬರು, ಇನ್ನೊಂದರಲ್ಲಿ ತೂಕ. ಒಳಗೆ ಯಂತ್ರ ಸಾಲಾಗಿ ಗೂಡುಗಳನ್ನು ಇಟ್ಟುಕೊಂಡು, ಒಂದನೇ ಮೂಟೆಯನ್ನು ಒಂದನೇ ಗೂಡಿಗೆ, ಎರಡನೆಯದನ್ನು ಎರಡನೆಯದಕ್ಕೆ ಹಾಕಿ, ಕಡೆಗೆ ಒಂದರಿಂದ ಎಣಿಸಿ ಎಲ್ಲವನ್ನೂ ಕೂಡಿಸಿ ಚೀಟಿ ಅಚ್ಚು ಹಾಕುತ್ತಿತ್ತು. ಆ ಚೀಟಿಯಲ್ಲಿ ಹೆಸರು, ಒಟ್ಟು ತೂಕ, ಅಷ್ಟೆ. ರಾಜಣ್ಣನ ಗುಮಾಸ್ತ ರಂಗಸ್ವಾಮಿಯನ್ನು ಮಹಡಿಗೆ ಕರೆಸಿ ಒತ್ತುವುದನ್ನು ಕಲಿಸಿದಳು. ಮೃದು ಮನುಷ್ಯ, ಕೀಲಿಗಳನ್ನು ಹೂವು ಬಿಡಿಸುವಷ್ಟು ಮೆಲ್ಲಗೆ ಮುಟ್ಟುತ್ತಿದ್ದ. ಒಂದು, ಎರಡು, ಮೂರು ಎಂದು ಒತ್ತಿ ನೋಡಿದ. ಮೊತ್ತ ಸರಿಯಾಗಿ ಬಂತು. ಮತ್ತೆ ನೋಡಿದ, ಮತ್ತೆ ಸರಿಯಾಗಿ ಬಂತು.

ಹೂವಿನ ಕಾಲ ಬಂತು. ಕಂಪ್ಯೂಟರು ಶೆಡ್ಡಿಗೆ ಬಂತು. ರಾಜಣ್ಣ ಅದಕ್ಕೆ ವಿಭೂತಿ ಬಳಿಸಿ, ಚೆಂಡುಹೂವಿನ ಹಾರವನ್ನು ಎಷ್ಟು ದಪ್ಪಕ್ಕೆ ಹಾಕಿಸಿದ್ದನೆಂದರೆ ತೆರೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಪುಟ್ಟಮಲ್ಲಮ್ಮನ ಅಕ್ಕನ ಮಗಳು ಮಿಷನ್ನು ತಂದಿದ್ದಾಳೆ ಎಂದು ಕೇಳಿ ಹೂವು ಇಲ್ಲದವರೂ ಬಂದು ನಿಂತರು. ತಕ್ಕಡಿಯವನು ಮೂಟೆ ಎತ್ತಿಟ್ಟು ಕೂಗಿದ, ರಂಗಸ್ವಾಮಿ ಒತ್ತಿದ, ಪ್ರಿಂಟರು ಕಿರ್ರೆಂದಿತು. ಜನ ಓಹೋ ಎಂದರು.

ಓಹೋ ಎಂದದ್ದು ಚಿಕ್ಕಮಲ್ಲಮ್ಮನ ಸರದಿ ಬರುವ ತನಕ.

ಚಿಕ್ಕಮಲ್ಲಮ್ಮನದು ಹಿತ್ತಲಷ್ಟು ಹೊಲ. ಅವಳು ತಂದದ್ದು ಒಂದೇ ಮೂಟೆ. ಆದರೆ ಊರಿನಲ್ಲಿ ಅವಳ ಬಾಯಿಗೆ ಲಾರಿ ಮಾಲು ಹಿಡಿಸುತ್ತಿತ್ತು. ಓದು ಬಾರದ ಅವಳು ಚೀಟಿಯನ್ನು ಪಕ್ಕದವನಿಗೆ ಕೊಟ್ಟಳು. ಪಕ್ಕದವನು ನೋಡಿ, ಕಣ್ಣುಜ್ಜಿ ನೋಡಿ, ಸೊನ್ನೆ ಅಂತ ಅದ ಕಣಕ್ಕ ಎಂದ.

“ಏನಮ್ಮಿ, ನಾನೇನು ಚೀಲದಲ್ಲಿ ಗಾಳಿ ತುಂಬ್ಕೊಂಡು ಬಂದಿದ್ನಾ?” ಎಂದಳು ಚಿಕ್ಕಮಲ್ಲಮ್ಮ, ಕೂಗದೆ. ಅವಳು ಕೂಗದಿದ್ದರೆ ಅದು ಹೆಚ್ಚು ದೂರ ಕೇಳಿಸುತ್ತಿತ್ತು. “ಮೂಡಲ ಕೆಂಪಾಗೋಕ್ ಮುಂಚೆ ಸೊಂಟ ಬಗ್ಗಿಸಿ ಕಿತ್ತಿವ್ನಿ. ನಿನ್ ಮಿಷನ್ಗೆ ಕಣ್ ಕಾಣಾಕಿಲ್ವೋ, ಮೂಗ್ ಕಟ್ಟದೋ? ಈ ವಾಸನೆ ಗೊತ್ತಾಗ್ನಿಲ್ವಾ?”

ಅಷ್ಟಾದದ್ದೇ ತಡ, ಎಲ್ಲರೂ ತಂತಮ್ಮ ಚೀಟಿ ಬಿಚ್ಚಿ ಬೆರಳು ಮಡಚಿ ಕೂಡಿಸಲು ಕೂತರು. ಎಲ್ಲರದ್ದೂ ಕಡಿಮೆ. ಒಂದೊಂದು ಮೂಟೆ, ಅದೂ ಮೊದಲನೇ ಮೂಟೆಯ ತೂಕವೇ ಕಾಣೆಯಾಗಿತ್ತು. ರಾಜಣ್ಣ ಹಾರ ಹಾಕಿದ್ದ ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿದ. ಬೈಯಲಿಲ್ಲ. ದೊಡ್ಡ ಲಾರಿಗಳು ಬರುವುದರೊಳಗೆ ಸರಿ ಮಾಡಿದರೆ ಮಾಡು, ಇಲ್ಲದಿದ್ದರೆ ಹೊತ್ತುಕೊಂಡು ಹೋಗು ಎಂದಷ್ಟೇ ಹೇಳಿದ. ‘ಇಲ್ಲದಿದ್ದರೆ’ ಎಂಬ ಮಾತು ಗಂಗಿಗೆ ಮೊದಲ ಸಲ ಕಹಿಯಾಯಿತು.

ಮಾರನೆಯ ದಿನ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಗೆ ತಂದಳು. ಮಹಡಿಯ ಮೇಲೆ ಇಟ್ಟು ಒತ್ತಿದರೆ ಸರಿ. ನೂರು ಮೂಟೆ ಒತ್ತಿದರೂ ಸರಿ. ಭೀಮನಬೀಡಿಗೆ ಒಯ್ದರೆ ತಪ್ಪು. ವೋಲ್ಟೇಜು ಇರಬಹುದು ಎಂದು ವಯರು ಬದಲಿಸಿದಳು. ಕೀಬೋರ್ಡನ್ನು ಬೋರಲು ಹಾಕಿ ಬಡಿದಾಗ ಹಳದಿ ಎಸಳುಗಳು ಉದುರಿದವು, ಅದೇ ಇರಬಹುದು ಎಂದುಕೊಂಡಳು. ಅದೂ ಅಲ್ಲ. ಸುಧಾಕರ್ ಬೆನ್ನ ಹಿಂದೆ ನಿಂತು ಟೀ ಕುಡಿಯುತ್ತಿದ್ದರು. ನೀವೇ ಒಂದು ಸಲ ನೋಡಿ ಸಾರ್ ಎಂದು ಕೇಳಿದಳು. ನಾನು ನೋಡಿದರೆ ಅದು ನನ್ನದಾಗುತ್ತದೆ, ನಿನ್ನದು ನಿನ್ನದಾಗಿಯೇ ಇರಲಿ ಎಂದು ಅವರು ಟೀ ಲೋಟ ಇಟ್ಟು ಲಾಡ್ಜಿಗೆ ಹೊರಟುಹೋದರು.

ಉಳಿದದ್ದು ರಂಗಸ್ವಾಮಿ. ನೀವು ಮೊದಲನೇ ಮೂಟೆ ಒತ್ತುವುದನ್ನೇ ಮರೆಯುತ್ತೀರಾ ಎಂದು ಅವಳು ಶೆಡ್ಡಿನಲ್ಲಿ ಎಲ್ಲರೆದುರಿಗೆ ಕೇಳಿಬಿಟ್ಟಳು. ರಂಗಸ್ವಾಮಿ ಮುಖ ಸಣ್ಣದು ಮಾಡಿಕೊಂಡು, ಎಲ್ಲಾನೂ ಒತ್ತಿವ್ನಿ ಕಣವ್ವ, ದೇವ್ರಾಣೆ ಎಂದು ಹೇಳಿ ಎದ್ದು ಹೋಗಿ ಹಳೆಯ ಪೆನ್ನು ಹಿಡಿದು ಕೂತ. ಅವತ್ತು ಬಸ್ಸಿನಲ್ಲಿ ಯಾರೋ, ಬಾಮ್ಮಿ ಸೊನ್ನೆ ಕೂಸೇ, ಸೀಟು ಬುಟ್ಕೊಡ್ತೀನಿ, ಮಿಷನ್ನು ಎಣಿಸ್ದಂಗೆ ಎಣಿಸಿದ್ರೆ ಇಲ್ಲಿ ಯಾರೂ ಕೂತೇ ಇಲ್ಲ ಎಂದ. ಬಸ್ಸೆಲ್ಲ ನಕ್ಕಿತು. ನಗುವುದರಲ್ಲಿ ಸದಾ ಮುಂದಿರುತ್ತಿದ್ದ ಗಂಗಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಭಾನುವಾರ ಬೆಳಿಗ್ಗೆ ಪುಟ್ಟಮಲ್ಲಮ್ಮ ರಾಗಿ ಮಿಲ್ಲಿಗೆ ಹಾಕಿಸಬೇಕೆಂದು ಪಡಸಾಲೆಯಲ್ಲಿ ಮೂಟೆ ಬಿಚ್ಚಿದಳು. ಗಂಗಿ ಮೂಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದು ಕಂಡು ಅವಳಿಗೆ ರೇಗಿತು. ಮಿಷನ್ನು ಮುಳುಗಿದರೆ ಮುಳುಗಲಿ, ನಾಳೆಗೆ ಹಿಟ್ಟು ಬೇಡವೇ ಎಂದು ಸೇರನ್ನು ಅವಳ ಕೈಗೆ ಕೊಟ್ಟು ಅಳೆದು ಹಾಕು ಎಂದಳು. ಗಂಗಿ ಸೇರು ತುಂಬಿ, ಕೈಯಲ್ಲಿ ಮೇಲೆ ಸವರಿ, ಚೀಲಕ್ಕೆ ಸುರಿದಳು. ನಮ್ಮ ಕಡೆ ಹುಟ್ಟಿದವರು ಅಳೆಯಲು ಕೂತರೆ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತದೆ. ಅವಳ ಬಾಯೂ ಹೇಳಿತು.

“ಲಾಭ.”

ಎರಡನೇ ಸೇರು ಸುರಿದಳು. “ಎರಡು.” ಮೂರನೆಯದು. “ಮೂರು.” ನಾಲ್ಕನೇ ಸೇರು ಅರ್ಧ ತುಂಬಿದ್ದು ಹಾಗೇ ಕೈಯಲ್ಲಿ ನಿಂತಿತು.

ಒಂದು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಅದು ಬಂದೇ ಇಲ್ಲ. ಕಣದಲ್ಲಾಗಲಿ ಮನೆಯಲ್ಲಾಗಲಿ ಧಾನ್ಯ ಅಳೆಯುವಾಗ ಮೊದಲನೆಯದನ್ನು ‘ಒಂದು’ ಎಂದು ಯಾರೂ ಎಣಿಸುವುದಿಲ್ಲ. ಒಂದು ಎಂದರೆ ಒಂದಕ್ಕೇ ನಿಂತುಹೋಗುತ್ತದೆ, ಲಾಭ ಎಂದು ಶುರು ಮಾಡಿದರೆ ಹುಲುಸಾಗುತ್ತದೆ ಎಂಬುದು ಮುತ್ತಜ್ಜಿಯರ ಕಾಲದ ನಂಬಿಕೆ. ಶೆಡ್ಡಿನ ತಕ್ಕಡಿಯವನೂ ಹಾಗೇ ಕೂಗುತ್ತಿದ್ದ. ಗಂಗಿಯ ಕಿವಿ ಅದನ್ನು ಕೇಳಿಯೂ ಇತ್ತು. ಹುಟ್ಟಿದಾಗಿನಿಂದ ಕೇಳಿದ್ದು, ಹೊಸದಾಗಿ ಕೇಳಿಸುವುದೆಂತು?

ಸೇರನ್ನು ಅಲ್ಲೇ ಬಿಟ್ಟು ಓಡಿದಳು. ಹಿಂದಿನಿಂದ ಪುಟ್ಟಮಲ್ಲಮ್ಮ, ರಾಗಿ ಮೂರೇ ಸೇರಿಗೆ ಮುಗೀತಾ ಎಂದು ಕೇಳುತ್ತಿದ್ದಳು. ರಂಗಸ್ವಾಮಿ ಮನೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ಇವಳನ್ನು ಕಂಡು ಹಸುವಿನ ಆ ಮಗ್ಗುಲಿಗೆ ಹೋದ. ಇವಳೂ ಆ ಮಗ್ಗುಲಿಗೆ ಹೋದಳು.

“ಅಣ್ಣ, ತಕ್ಕಡಿಯವ್ರು ಲಾಭ ಅಂತ ಕೂಗ್ದಾಗ ನಂಬರಿನ ಖಾನೇಲಿ ಏನ್ ಒತ್ತೀರಿ?”

“ಏನೂ ಇಲ್ಲ.” ರಂಗಸ್ವಾಮಿ ಅವಳ ಮುಖ ನೋಡಲಿಲ್ಲ. “ಖಾಲಿ ಬುಟ್ಟು ತೂಕ ಒತ್ತೀನಿ. ಲಾಭಕ್ಕೆ ಯಾರಾರಾ ನಂಬರ್ ಆಕ್ತಾರಾ ಕಣವ್ವ?”

ಗಂಗಿ ಹಸುವಿನ ಬೆನ್ನಿನ ಮೇಲೆ ಎರಡೂ ಕೈ ಊರಿ ನಗತೊಡಗಿದಳು. ವಾರವೆಲ್ಲ ಒಳಗೆ ಕಟ್ಟಿಕೊಂಡಿದ್ದ ನಗು ಅದು. ನಂಬರಿನ ಖಾನೆ ಖಾಲಿ ಬಿಟ್ಟರೆ ಯಂತ್ರ ಅದನ್ನು ಸೊನ್ನೆ ಎಂದುಕೊಳ್ಳುತ್ತದೆ. ಗೂಡುಗಳ ಸಾಲಿನಲ್ಲಿ ಒಂದಕ್ಕೂ ಮುಂಚೆ ಸೊನ್ನೆ ಎಂಬ ಒಂದು ಗೂಡು ಇದ್ದೇ ಇರುತ್ತದೆ, ಬೇಡ ಎಂದರೂ ಇರುತ್ತದೆ. ಊರಿನವರ ಲಾಭದ ಮೂಟೆಗಳೆಲ್ಲ ಜೋಪಾನವಾಗಿ ಹೋಗಿ ಅಲ್ಲಿ ಕೂತಿದ್ದವು. ಕೂಡಿಸುವಾಗ ಇವಳು ಒಂದನೇ ಗೂಡಿನಿಂದ ಶುರು ಮಾಡಿಸಿದ್ದಳು. ಮಹಡಿಯ ಮೇಲೆ ಕೂಗುವವರಿರಲಿಲ್ಲ. ಆದ್ದರಿಂದ ರಂಗಸ್ವಾಮಿಯೂ ಅಲ್ಲಿ ಒಂದು ಎಂದೇ ಒತ್ತಿದ್ದ, ಇವಳೂ ಒಂದು ಎಂದೇ ಒತ್ತಿದ್ದಳು. ರಾಗಿಯ ಮುಂದೆ ಲಾಭ ಎನ್ನುವ ಹುಡುಗಿ ಕಂಪ್ಯೂಟರಿನ ಮುಂದೆ ಬೇರೆ ಊರಿನವಳಾಗಿದ್ದಳು.

ಎಲ್ಲರ ಮುಂದೆ ನಿಮ್ಮ ಮೇಲೆ ಹಾಕಿದೆ, ಎಲ್ಲರ ಮುಂದೆಯೇ ತಪ್ಪು ನನ್ನದು ಎನ್ನುತ್ತೇನೆ ಎಂದು ಅವನಿಗೆ ಹೇಳಿದಳು. ರಂಗಸ್ವಾಮಿ ಆಗ ಅವಳ ಕಡೆ ತಿರುಗಿ, ಅದು ಇರಲಿ, ಮೊದಲು ಹಸುವಿನ ಮೇಲಿಂದ ಕೈ ತೆಗೆ, ಅದಕ್ಕೆ ಕಚಗುಳಿ ಎಂದ.

ಗುಂಡ್ಲುಪೇಟೆಯಲ್ಲಿ ಸುಧಾಕರ್ ಎಲ್ಲವನ್ನೂ ಕೇಳಿಸಿಕೊಂಡರು. ಈಗ ಎರಡು ದಾರಿ ಇದೆಯಲ್ಲ, ಲಾಭ ಎಂದಾಗ ಒಂದು ಒತ್ತು ಎಂದು ರಂಗಸ್ವಾಮಿಗೆ ಹೇಳಿಕೊಡುವುದು ಸುಲಭ, ಇಲ್ಲವೇ ಪ್ರೋಗ್ರಾಮನ್ನೇ ತಿದ್ದಬೇಕು, ಯಾವುದು ಮಾಡುತ್ತೀಯ ಎಂದರು.

“ಅವ್ರು ಒತ್ತಲ್ಲ ಸಾರ್. ಒತ್ತು ಅಂದ್ರೂ ಒಂದಿನ ಮರ್ತು ಖಾಲಿ ಬಿಡ್ತಾರೆ. ನಾನಾಗಿದ್ರೂ ಬಿಡ್ತಿದ್ದೆ” ಎಂದಳು ಗಂಗಿ. ಕೂತು, ಕೂಡಿಸುವ ಸಾಲಿನಲ್ಲಿ ಒಂದರಿಂದ ಎಂದಿದ್ದ ಕಡೆ ಸೊನ್ನೆಯಿಂದ ಎಂದು ತಿದ್ದಿದಳು. ಒಂದೇ ಒಂದು ಅಂಕಿ. ಆಮೇಲೆ ಮನಸ್ಸು ತಡೆಯದೆ ಇನ್ನೊಂದು ಕೆಲಸ ಮಾಡಿದಳು. ನಂಬರು ಖಾಲಿ ಬಿಟ್ಟು ತೂಕ ಒತ್ತಿದರೆ ಆ ಖಾನೆಯಲ್ಲಿ ಕನ್ನಡದ ಅಕ್ಷರದಲ್ಲಿ ‘ಲಾಭ’ ಎಂದು ಮೂಡುವಂತೆ ಮಾಡಿದಳು. ಸುಧಾಕರ್ ಟೀ ತರಿಸಿದರು. ಈ ಸಲ ಎರಡು ಲೋಟ.

ದೊಡ್ಡ ಲಾರಿಗಳು ಬಂದ ದಿನ ಭೀಮನಬೀಡಿನ ಶೆಡ್ಡಿನ ಮುಂದೆ ನೆಲ ಕಾಣದಷ್ಟು ಹಳದಿ, ಕೇಸರಿ. ಬತ್ತೇರಿಯ ಮಲಯಾಳಿ ವ್ಯಾಪಾರಿ ಚೇಟ ಮುಂಡು ಎತ್ತಿ ಕಟ್ಟಿಕೊಂಡು ನಿಂತಿದ್ದ. ಗಂಗಿ ಮೊದಲು ಎಲ್ಲರಿಗೂ ಕೇಳುವಂತೆ ರಂಗಣ್ಣನದ್ದು ತಪ್ಪಿರಲಿಲ್ಲ, ತಪ್ಪು ನನ್ನದು ಎಂದು ಹೇಳಿದಳು. ನಮಗೆ ಮೊದಲೇ ಗೊತ್ತಿತ್ತು ಬಿಡು ಎಂದು ಏನೂ ಗೊತ್ತಿಲ್ಲದವರೆಲ್ಲ ತಲೆಯಾಡಿಸಿದರು. ಯಾರ ಮೂಟೆ ಮೊದಲು ಎಂಬ ಪ್ರಶ್ನೆ ಬರಲಿಲ್ಲ. ಚಿಕ್ಕಮಲ್ಲಮ್ಮ ಆಗಲೇ ತನ್ನ ಒಂದೇ ಮೂಟೆಯನ್ನು ತಕ್ಕಡಿಯ ಮೇಲೆ ಇಡಿಸಿ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ತಕ್ಕಡಿಯವನು ಮುಳ್ಳು ನೋಡಿ ಎಂದಿಗಿಂತ ಉದ್ದಕ್ಕೆ ರಾಗ ಎಳೆದ, ಲಾಭ ಎಂದು. ರಂಗಸ್ವಾಮಿ ನಂಬರಿನ ಖಾನೆ ಖಾಲಿ ಬಿಟ್ಟ. ತೂಕ ಒತ್ತಿದ. ತೆರೆಯ ಮೇಲೆ ‘ಲಾಭ’ ಎಂಬ ಎರಡು ಅಕ್ಷರ ಮೂಡಿದ್ದನ್ನು ಕಂಡು ಅವನ ಬೆರಳು ಗಾಳಿಯಲ್ಲೇ ನಿಂತಿತು. ನಿಮ್ಮಜ್ಜಿ ಒಳಗವ್ಳೇನಮ್ಮಿ ಎಂದು ಮೆಲ್ಲಗೆ ಕೇಳಿದ. ಪ್ರಿಂಟರು ಕಿರ್ರೆಂದಿತು.

ಚಿಕ್ಕಮಲ್ಲಮ್ಮ ಚೀಟಿ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟಳು. ಅವನು ಓದಿದ್ದು ಸಾಲದೆಂದು ಹಿಂದಿನವನಿಗೆ ಕೊಟ್ಟಳು. ಅವನೂ ಅಷ್ಟೇ ಓದಿದ. ಕಡೆಗೆ ಕನ್ನಡ ಅರೆಬರೆ ಬರುವ ಚೇಟನ ಕೈಗೆ ಕೊಟ್ಟು ಓದಿಸಿದಳು, ಅವನಿಗೆ ಈ ಊರಲ್ಲಿ ನಂಟರಿಲ್ಲ, ಸುಳ್ಳು ಹೇಳನು ಎಂದು. ಚೇಟನೂ ತಕ್ಕಡಿ ಹೇಳಿದ್ದನ್ನೇ ಹೇಳಿದ. ಆಗ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಮೂಟೆಯೊಳಕ್ಕೆ ಕೈ ಹಾಕಿ ಒಂದು ಬೊಗಸೆ ಚೆಂಡುಹೂ ತೆಗೆದು ಗಂಗಿಯ ದುಪಟ್ಟಾಕ್ಕೆ ಸುರಿದಳು.

“ತಕ್ಕೊ. ಇದ ತೂಕಕ್ಕೆ ಆಕ್ಬ್ಯಾಡ ಕಣಮ್ಮಿ, ತಿರ್ಗ ನುಂಗ್ಬುಟ್ಟಾತು.”

ತೂಕ ಆದ ಮೂಟೆಯಿಂದ ತೆಗೆದೆಯಲ್ಲ ತಾಯಿ, ಈಗ ನನ್ನ ಚೀಟಿ ಸುಳ್ಳಾಯಿತು ಎಂದು ರಾಜಣ್ಣ ಗೊಣಗಿದ. ಆದರೆ ಗೊಣಗುತ್ತಲೇ ಕಂಪ್ಯೂಟರಿನ ಮೇಲಿಂದ ತೆಗೆದಿದ್ದ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಮತ್ತೆ ಅದು ಕಂಪ್ಯೂಟರಿನ ಮೇಲೆ ಬೀಳಲಿಲ್ಲ. ಅವತ್ತು ಹೂವು ಬಾಡುವ ಮುಂಚೆ ಲಾರಿಗಳು ಹೊರಟವು.

ಕಾಲೇಜಿನ ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ತೆರೆ ನೋಡಿ, ಎರಡು, ಮೂರು ಎಲ್ಲ ಇದೆ, ಒಂದು ಯಾಕಿಲ್ಲ ಎಂದು ಕೇಳಿದರು. ಗಂಗಿ ಬಾಯಿ ತೆರೆಯುವ ಮುಂಚೆಯೇ, ಬಳಸುವವರ ಪರವಾಗಿ ಬಂದು ಹಿಂದೆ ಕೂತಿದ್ದ ರಂಗಸ್ವಾಮಿ ಎದ್ದು ನಿಂತು, ಅಳತೆಯಲ್ಲಿ ಒಂದು ಎಂಬುದು ಇರುವುದಿಲ್ಲ ಸ್ವಾಮಿ, ತಾವು ಯಾವ ಊರಿನವರು ಎಂದು ವಿಚಾರಿಸಿದ. ಪರೀಕ್ಷಕರು ತಮ್ಮ ಊರಿನ ಹೆಸರು ಹೇಳಿ, ನಮ್ಮ ತಾಯಿಯೂ ಲಾಭ ಎಂದೇ ಅಳೆಯುತ್ತಿದ್ದರು ಎಂದು ನಕ್ಕರು. ಮುಂದೆ ಅವರು ಕೇಳಿದ ಪ್ರಶ್ನೆಗಳಿಗಿಂತ ಹೇಳಿದ ಮನೆಯ ಮಾತೇ ಹೆಚ್ಚಾಯಿತು.

ಗಂಗಾಂಬಿಕೆ ಪಂಕ್ಚರ್ ಅಂಗಡಿಯ ಮೇಲಿನ ಮಹಡಿಗೇ ನೌಕರಿಗೆ ಬಂದಳು. ಮೂರು ಕಂಪ್ಯೂಟರು ನಾಲ್ಕಾದವು. ಸಂತೆಮರಹಳ್ಳಿಯ ಅರಿಶಿನದ ಮಂಡಿಯವರು ಕರೆದರು, ಬತ್ತೇರಿಯ ಚೇಟ ತನ್ನ ಮೆಣಸಿನ ಗೋದಾಮಿಗೂ ಒಂದು ಬೇಕೆಂದು ಹುಡುಕಿಕೊಂಡು ಬಂದ. ಹೊಸ ಇಂಟರ್ನ್‌ಶಿಪ್ ಹುಡುಗಿಯರು ಬಂದಾಗ ಪೈಂಟಿನ ಬ್ರಶ್ಶು ಕೊಡುವುದು ಈಗ ಅವಳ ಪಾಲಿನ ಕೆಲಸ. ಎಲ್ಲಿಗೆ ಹೋದರೂ ಅವಳು ಕಂಪ್ಯೂಟರನ್ನು ಕೂಡಲೇ ಚೀಲದಿಂದ ತೆಗೆಯುವುದಿಲ್ಲ. ತಕ್ಕಡಿಯ ಪಕ್ಕ ಜಾಗ ಮಾಡಿಕೊಂಡು ಕೂತು, ಮೊದಲು ಒಂದು ಮಾತು ಕೇಳುತ್ತಾಳೆ.

“ಮೊದಲ್ನೇದಕ್ಕೆ ನೀವು ಏನಂತೀರಿ?”